ಎಸೆಯದೆ ಕಾಯುವ ವಿದ್ಯೆ

ನೀಲಗಿರಿಯ ಅವಲಾಂಚ್ ಕಡೆ ಚಳಿಗಾಲದ ಬೆಳಗಿನಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತದೆ. ಅಂಥ ಚಳಿಯಲ್ಲಿ ಮೈ ಬಿಸಿಯಾಗುವ ಮೊದಲೇ ಬೌಂಡರಿಯಿಂದ ಬೀಸಿ ಎಸೆದು ಭುಜ ಹಿಡಿದುಕೊಂಡು ಕೂರುವ ಹುಡುಗ ಯಾವ ಊರಲ್ಲಿಲ್ಲ? ಮನೆಯಲ್ಲಿ ಎಣ್ಣೆ ತಿಕ್ಕುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವನು ಮತ್ತೆ ಮೈದಾನದಲ್ಲಿ. ನೋವೂ ಅವನ ಹಿಂದೆಯೇ.

ಭುಜದ ಕೀಲಿನ ರಚನೆಯೇ ಹಾಗೆ. ಶಾಲೆಯ ಲಿಂಬೆ-ಚಮಚ ಓಟ ನೆನಪಿಸಿಕೊಳ್ಳಿ. ತೋಳಿನ ಮೂಳೆಯ ತಲೆ ಲಿಂಬೆಹಣ್ಣು, ಭುಜದ ಹಲಗೆಯ ತಗ್ಗು ಚಮಚ. ತಗ್ಗು ಆಳವಿಲ್ಲದ್ದರಿಂದಲೇ ಕೈ ಎತ್ತ ಬೇಕಾದರೂ ತಿರುಗುತ್ತದೆ, ಜಾರುವುದೂ ಅದರಿಂದಲೇ. ಹಣ್ಣು ಬೀಳದಂತೆ ಹಿಡಿದಿಡುವ ಕೆಲಸದಲ್ಲಿ ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳದ್ದು ದೊಡ್ಡ ಪಾಲು. ಚೆಂಡು ಕೈಬಿಟ್ಟ ಮೇಲೆ ತೋಳಿಗೆ ಬ್ರೇಕ್ ಹಾಕಬೇಕಾದವೂ ಇವೇ.

ನಮ್ಮ ಅನಿಲ್ ಕುಂಬ್ಳೆ ಅವರ ಬೌಲಿಂಗ್ ಭುಜ ಕೈಕೊಟ್ಟಾಗ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಸ್ಟ್ರೇಲಿಯಾ ವಿರುದ್ಧದ 2001ರ ಆ ಸರಣಿ, ಸ್ಪಿನ್ನರ್ ಹರ್ಭಜನ್ ಸಿಂಗ್ 32 ವಿಕೆಟ್ ಕಿತ್ತ ಸರಣಿ, ಅವರ ಕೈತಪ್ಪಿತು. ಅದೇ ವರ್ಷದ ಕೊನೆಗೆ ದಕ್ಷಿಣ ಆಫ್ರಿಕಾ ಪ್ರವಾಸದಲ್ಲೇ ಮತ್ತೆ ಚೆಂಡು ಹಿಡಿದರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ರಿಪೇರಿಯಾದ ಆ ಭುಜದಿಂದ! ಗಾಯಾಳು ಕ್ರಿಕೆಟಿಗರಿಗೆ ಈಗ ಬೆಂಗಳೂರೇ ತವರು: 2000ದಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ 2024ರ ಸೆಪ್ಟೆಂಬರ್‌ನಲ್ಲಿ ವಿಮಾನ ನಿಲ್ದಾಣದ ಕಡೆಯ ಹೊಸ ನೆಲೆಗೆ, ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಹೊಸ ಹೆಸರಿಗೆ ಬಂತು.

ಆದರೆ ಗಾಯಗೊಂಡ ಭುಜವನ್ನು ಮತ್ತೆ ಎಸೆತಕ್ಕೆ ಅಣಿಗೊಳಿಸುವ ಈ ವಿದ್ಯೆಯ ಹೆಚ್ಚಿನ ಪಾಲಿಗೆ ಅಷ್ಟು ದೊಡ್ಡ ಕಟ್ಟಡ ಬೇಕಿಲ್ಲ. ಬಾಗಿಲ ಚಿಲಕಕ್ಕೆ ಒಂದು ರಬ್ಬರ್ ಪಟ್ಟಿ ಕಟ್ಟಿ. ಟವೆಲ್ ಸುರುಳಿಯನ್ನು ಮೊಣಕೈಗೂ ಪಕ್ಕೆಗೂ ನಡುವೆ ಒತ್ತಿ ಹಿಡಿಯಿರಿ. ಮೊಣಕೈ ಮಡಿಸಿ, ಪಟ್ಟಿ ಹಿಡಿದ ಅಂಗೈಯನ್ನು ಹೊರಕ್ಕೆ ಎಳೆಯಿರಿ, ಇನ್ನೂ ನಿಧಾನವಾಗಿ ವಾಪಸ್ ತನ್ನಿ. ಟವೆಲ್ ಬಿತ್ತೋ, ಲೆಕ್ಕಕ್ಕಿಲ್ಲ. ಡಂಬೆಲ್ ಎತ್ತಿ ಬೀಗುವವನ ಕೈ ಹತ್ತನೇ ಸಲಕ್ಕೆ ನಡುಗತೊಡಗುತ್ತದೆ. ಬಲ್ಲ ಫಿಸಿಯೋ ಆಗ ಕೈ ನೋಡುವುದಿಲ್ಲ, ಬೆನ್ನು ನೋಡುತ್ತಾರೆ: ಭುಜದ ಹಲಗೆ ಪಕ್ಕೆಗೆ ಅಂಟಿ ಜಾರುತ್ತಿದೆಯೇ, ರೆಕ್ಕೆಯಂತೆ ಎದ್ದು ನಿಂತಿದೆಯೇ? ಸೊಂಟ, ಕಾಲುಗಳ ಕಸರತ್ತನ್ನೂ ಮಾಡಿಸುತ್ತಾರೆ. ಎಸೆತದ ಬಲ ಹುಟ್ಟುವುದು ಅಲ್ಲಿ.

ಸ್ನಾಯುರಜ್ಜು ಹರಿದು ಹೊಲಿಗೆ ಬಿದ್ದಿದ್ದರೆ ಮೊದಲ ಕೆಲವು ವಾರ ಕೈಗೆ ಜೋಲಿಯೇ ಗತಿ. ಚೆಂಡು ಹಿಡಿಯಲು ತಿಂಗಳುಗಳೇ ಬೇಕು. ನಿಜವಾದ ಕಷ್ಟ ಶುರುವಾಗುವುದು ಆಮೇಲೆ, ನನ್ನ ಮಟ್ಟಿಗೆ. ನೋವಿರುವಾಗ ಯಾರಾದರೂ ಸುಮ್ಮನಿರುತ್ತಾರೆ. ನೋವು ಹೋದ ಮೇಲೆ ಸುಮ್ಮನಿರುವವರು ಕಡಿಮೆ. ಸಮೀಪದಿಂದ ಮೆಲ್ಲಗೆ ಒಂದಿಷ್ಟು ಎಸೆತ, ಮರುದಿನ ಬಿಡುವು. ಬೆಳಗ್ಗೆ ಭುಜ ಹಗುರವಾಗಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಎಸೆಯಬಹುದು, ಕುಟುಕಿದರೆ ಹಳೆಯ ಗೆರೆಗೇ ವಾಪಸ್. ಇವತ್ತಿನ ಲೆಕ್ಕ ಇಪ್ಪತ್ತೈದು ಎಂದಿದ್ದರೆ, ಎಷ್ಟೇ ಹುರುಪಿದ್ದರೂ ಇಪ್ಪತ್ತಾರನೆಯ ಚೆಂಡು ಜೇಬಿನಲ್ಲೇ ಉಳಿಯಬೇಕು.