ಮುಕ್ತ ಸಂಶೋಧನೆ ಮತ್ತು ಗ್ರಂಥಾಲಯದ ಧರ್ಮ

ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ನಮ್ಮ ಹಿರಿಯರು ಹೇಳಿದ್ದಾರೆ. ವಿಜ್ಞಾನ ಪತ್ರಿಕೆಗಳ ವ್ಯವಹಾರದಲ್ಲಿ ಮಾತ್ರ ಈ ನುಡಿ ಬಹುಕಾಲ ಸಲ್ಲಲಿಲ್ಲ. ವಿಜ್ಞಾನಿಯು ಬಹುಮಟ್ಟಿಗೆ ಸಾರ್ವಜನಿಕ ಹಣದಿಂದ ಸಂಶೋಧನೆ ನಡೆಸಿ, ಸಂಭಾವನೆಯಿಲ್ಲದೆ ಲೇಖನವನ್ನು ಪ್ರಕಾಶಕರಿಗೆ ಒಪ್ಪಿಸುತ್ತಾನೆ. ಅದನ್ನು ಓದುವುದಕ್ಕೆ ಅವನ ಸಂಸ್ಥೆಯ ಗ್ರಂಥಾಲಯವೇ ದುಬಾರಿ ಚಂದಾ ತೆರಬೇಕಾಗುತ್ತದೆ.

ಬೇರೊಂದು ದಾರಿಯುಂಟೆಂಬುದು 1991ರಲ್ಲಿ ತೋರಿಬಂದಿತು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಅವರು, ಅಚ್ಚಿಗೆ ಹೋಗುವ ಮುನ್ನವೇ ಲೇಖನಗಳನ್ನು ಗಣಕಜಾಲದ ಮೂಲಕ ಹಂಚುವ ಭಂಡಾರವೊಂದನ್ನು ತೆರೆದರು. ಆರ್ಕೈವ್ ಎಂದು ಹೆಸರಾದ ಅದು 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದಿತು. ಹಲವು ವರ್ಷ ಅದನ್ನು ನಡೆಸಿದುದು ಅಲ್ಲಿನ ಗ್ರಂಥಾಲಯವೇ ಎಂಬುದು ಗಮನಾರ್ಹ. 2002ರ ಬುಡಾಪೆಸ್ಟ್ ಘೋಷಣೆಯು ಈ ಪದ್ಧತಿಗೆ 'ಮುಕ್ತ ಪ್ರವೇಶ'ವೆಂಬ ಹೆಸರನ್ನು ನೆಲೆಗೊಳಿಸಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ವಿದ್ವಾಂಸರ ಲೇಖನಗಳಿಗಾಗಿ ಇಂಥದೇ ಭಂಡಾರವನ್ನು ಸ್ಥಾಪಿಸಿತು. ಸಿ.ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ತನ್ನ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಗೊಡುತ್ತಿದೆ.

ಹಾಗಾದರೆ ಗ್ರಂಥಾಲಯದ ಅಗತ್ಯವೇ ತೀರಿತೇ? ಇಲ್ಲ, ಅದರ ಹೊಣೆ ಬದಲಾಗಿದೆ. ಅಚ್ಚಿನ ಸಂಪುಟವನ್ನು ಒಮ್ಮೆ ಕೊಂಡರೆ ಅದು ಕಪಾಟಿನಲ್ಲಿ ಉಳಿಯುತ್ತಿತ್ತು. ಅಂತರ್ಜಾಲದ ಚಂದಾ ನಿಂತರೆ ಹಳೆಯ ಸಂಚಿಕೆಗಳ ಬಾಗಿಲೂ ಮುಚ್ಚಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಸುಮಾರು 6000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಸರ್ಕಾರಿ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದರಿಂದಾಗುವ ಉಪಕಾರ ದೊಡ್ಡದು. ಆದರೂ ಅವಧಿಯುಳ್ಳ ಚಂದಾ ಬಾಡಿಗೆಯ ಮನೆಯಂತೆ. ಯಾವ ಸಂಸ್ಥೆಗೂ ಸೇರದೆ ಸ್ವಂತ ಆಸಕ್ತಿಯಿಂದ ಅಭ್ಯಾಸಮಾಡುವವನಿಗೆ ಅದರ ಬೀಗದಕೈ ಸುಲಭವಾಗಿ ದೊರೆಯದು.

ಮುಕ್ತ ಭಂಡಾರವೂ ತಾನಾಗಿ ಉಳಿಯುವುದಲ್ಲ. ಲೇಖನಗಳನ್ನು ವರ್ಗೀಕರಿಸಿ ಸೂಚಿಗೆ ಸೇರಿಸುವುದು, ಗಣಕಯಂತ್ರಗಳು ಬದಲಾದಂತೆಲ್ಲ ಅವನ್ನು ಓದಬರುವ ರೂಪದಲ್ಲಿ ಕಾಪಾಡುವುದು, ಲೇಖಕರಿಗೆ ತಮ್ಮ ಹಕ್ಕನ್ನು ತಿಳಿಸಿಕೊಡುವುದು ಇವೆಲ್ಲ ಗ್ರಂಥಪಾಲಕನ ಕೆಲಸವೇ. ಕೆಲವು ಪತ್ರಿಕೆಗಳು ಓದುಗನ ಬದಲು ಲೇಖಕನಿಂದಲೇ ಭಾರಿ ಶುಲ್ಕ ಪಡೆಯುತ್ತಿರುವಾಗ, ಸಂಸ್ಥೆಯ ಸ್ವಂತ ಭಂಡಾರದ ಮಹತ್ವ ಮತ್ತಷ್ಟು ಹೆಚ್ಚುತ್ತದೆ.

ಮದರಾಸಿನಲ್ಲಿ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಗ್ರಂಥವಿರುವುದು ಬಳಕೆಗಾಗಿ ಎಂಬುದನ್ನೇ ಮೊದಲನೆಯದಾಗಿ ಇರಿಸಿದರು. ಕೊಳ್ಳುವ ಭಾರ ಕಡಿಮೆಯಾದಷ್ಟೂ, ಕಾಯುವ ಮತ್ತು ಹಂಚುವ ಹೊಣೆಯಲ್ಲಿ ಗ್ರಂಥಾಲಯವು ಆ ಸೂತ್ರಕ್ಕೆ ಹೆಚ್ಚು ಸಮೀಪವಾಗುತ್ತದೆ.