ಮಧ್ಯಾಹ್ನದ ಸಾಲು, ಸಂಜೆಯ ರಂಗ

ನ್ಯೂಯಾರ್ಕ್ ನಗರದಲ್ಲಿ ಬ್ರಾಡ್‌ವೇ ಮತ್ತು ಏಳನೆಯ ಅವೆನ್ಯೂ ಎಂಬ ಎರಡು ಮಹಾಮಾರ್ಗಗಳು ಒಂದನ್ನೊಂದು ಓರೆಯಾಗಿ ಹಾದುಹೋಗುವೆಡೆಯಲ್ಲಿ, ನಲವತ್ತೇಳನೆಯ ಬೀದಿಗೆ ತಾಗಿಕೊಂಡು, ತ್ರಿಕೋಣಾಕಾರದ ಒಂದು ಸಣ್ಣ ಬಯಲು ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರೊಡನೆ ರಣಭೂಮಿಯಲ್ಲಿಯೇ ಇದ್ದು ಅವರನ್ನು ಸಂತೈಸಿದ ಫ್ರಾನ್ಸಿಸ್ ಡಫ್ಫಿ ಎಂಬ ಪಾದ್ರಿಯ ಪ್ರತಿಮೆ 1937ರಿಂದ ಅಲ್ಲಿ ನಿಂತಿರುವುದರಿಂದ ಆ ಬಯಲಿಗೆ ಡಫ್ಫಿ ಸ್ಕ್ವೇರ್ ಎಂದು ಹೆಸರು. ಪ್ರತಿಮೆಯ ಬೆನ್ನಿಗೆ, ಗಾಜಿನಿಂದಲೇ ರಚಿತವಾಗಿ ಒಳಗಿನಿಂದ ಕೆಂಪಗೆ ಬೆಳಗುವ ಇಪ್ಪತ್ತೇಳು ಮೆಟ್ಟಿಲುಗಳ ಸೋಪಾನ. ಟೈಮ್ಸ್ ಸ್ಕ್ವೇರಿನ ಝಗಝಗಿಸುವ ದೀಪಗಳನ್ನು ಕಾಣಬಂದ ಜನ ಆ ಮೆಟ್ಟಿಲುಗಳ ಮೇಲೆ ಕುಳಿತು ಚಿತ್ರ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ನ್ಯೂಜೆರ್ಸಿಯಲ್ಲಿ ನೆಲೆಸಿದ ಮಕ್ಕಳ ಮನೆಗೆಂದು ಹೋಗಿಬಂದ ನಮ್ಮ ಕಡೆಯ ಹಿರಿಯರ ಆಲ್ಬಮ್ಮುಗಳಲ್ಲಿಯೂ ಅಂಥ ಚಿತ್ರವೊಂದು ಸಾಮಾನ್ಯವಾಗಿ ಇರುತ್ತದೆ. ಆದರೆ ಆ ಮೆಟ್ಟಿಲುಗಳು ಒಂದು ಮಾಡು ಮಾತ್ರ. ಅದರ ಅಡಿಯಲ್ಲಿ, ಹಿಂಬದಿಗೆ, ಸಾಲಾಗಿರುವ ಟಿಕೆಟ್ಟಿನ ಕಿಟಕಿಗಳೇ ಅಲ್ಲಿನ ನಿಜವಾದ ಸಂಸ್ಥೆ ಎಂಬುದು, ಮೆಟ್ಟಿಲುಗಳ ಮೇಲೆ ಕುಳಿತೆದ್ದವರಲ್ಲಿ ಅನೇಕರಿಗೆ ತಿಳಿಯದೆ ಹೋಗುವುದು ನನಗೆ ವ್ಯಸನದ ಸಂಗತಿ. ಟಿ.ಕೆ.ಟಿ.ಎಸ್. ಎಂದು ಹೆಸರಾದ ಆ ಕಿಟಕಿಗಳಲ್ಲಿ, ಅಂದಿನ ಸಂಜೆಯ ನಾಟಕದ ಮಾರಾಟವಾಗದೆ ಉಳಿದ ಆಸನಗಳನ್ನು ಅಂದೇ, ಅರ್ಧ ಬೆಲೆಗೋ ಅದಕ್ಕಿಂತ ಕೊಂಚ ಹೆಚ್ಚಿಗೋ ಕೊಡುತ್ತಾರೆ.

ಪುಸ್ತಕ ಈ ವರ್ಷ ಮಾರದಿದ್ದರೆ ಮುಂದಿನ ವರ್ಷ ಮಾರೀತು. ಚಿತ್ರಪಟ ಇಂದು ಕೊಳ್ಳುವವರಿಲ್ಲದಿದ್ದರೆ ಗೋಡೆಗೆ ಒರಗಿಕೊಂಡು ಕಾದೀತು. ನಾಟಕಕ್ಕೆ ಮಾತ್ರ ದಾಸ್ತಾನೆಂಬುದಿಲ್ಲ. ತೆರೆ ಎದ್ದ ಕ್ಷಣದಲ್ಲಿ ಬರಿದಾಗಿದ್ದ ಆಸನವನ್ನು ಮತ್ತೆ ಮಾರುವ ಉಪಾಯ ಯಾವ ವರ್ತಕನಿಗೂ ತಿಳಿಯದು. ಗಾಂಧಿಬಜಾರಿನ ಹೂವಾಡಗಿತ್ತಿ ದೀಪ ಹಚ್ಚುವ ಹೊತ್ತು ಮೀರುತ್ತಿದ್ದಂತೆ ಮೊಳ ಮಲ್ಲಿಗೆಯ ಬೆಲೆಯನ್ನು ತಾನಾಗಿಯೇ ಇಳಿಸುವುದು ಯಾವ ಕಾರಣದಿಂದಲೋ, ಐನೂರಕ್ಕೆ ಕಡಿಮೆಯಿಲ್ಲದ ಆಸನಗಳುಳ್ಳ ಬ್ರಾಡ್‌ವೇಯ 41 ರಂಗಮಂದಿರಗಳ ಒಡೆಯರು ಮಧ್ಯಾಹ್ನವಾಗುತ್ತಲೇ ಬೆಲೆ ಇಳಿಸುವುದೂ ಅದೇ ಕಾರಣದಿಂದ. ವಾರಕ್ಕೆ ಎಂಟು ಆಟ ಅಲ್ಲಿನ ಪದ್ಧತಿ. ನಟರ ಸಂಬಳ, ವಾದ್ಯಗಾರರ ಸಂಬಳ, ದೀಪದ ವೆಚ್ಚ, ಮಂದಿರದ ಬಾಡಿಗೆ ಇವೆಲ್ಲ ಸಭೆ ತುಂಬಲಿ ಬಿಡಲಿ ಒಂದೇ. ಇದು ಲೆಕ್ಕದ ಮಾತಾಯಿತು. ಲೆಕ್ಕಕ್ಕೆ ಸಿಕ್ಕದ ಮಾತೂ ಒಂದುಂಟು. ಅಲ್ಲೊಬ್ಬ ಇಲ್ಲೊಬ್ಬ ಕುಳಿತ ಸಭೆಯಲ್ಲಿ ನಗೆ ಹೊತ್ತಿಕೊಳ್ಳುವುದಿಲ್ಲ. ಒಬ್ಬರ ನಗು ಪಕ್ಕದವರಿಗೆ ತಗುಲಿ, ಅವರಿಂದ ಹಿಂದಿನ ಸಾಲಿಗೆ ಹರಿದು, ರಂಗದ ಮೇಲಿನ ನಟನಿಗೆ ಹಿಂದಿರುಗಿ, ಅವನ ಮುಂದಿನ ಮಾತಿಗೆ ಜೀವ ತುಂಬಬೇಕಾದರೆ ಹೆಗಲಿಗೆ ಹೆಗಲು ತಾಗುವಂತೆ ಜನ ಕುಳಿತಿರಬೇಕು. ಪ್ರೇಕ್ಷಕನನ್ನು ಒಳಗೆ ಕರೆತರುವ ಕಿಟಕಿಯೂ ನಾಟಕಕಲೆಯ ಅಂಗವೇ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಈ ಏರ್ಪಾಡಿನ ಹಿಂದೆ ಇರುವುದು ಲಾಭದ ಆಶೆಯಿಲ್ಲದೆ 1968ರಲ್ಲಿ ಸ್ಥಾಪಿತವಾದ ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಎಂಬ ಸಂಸ್ಥೆ. ಎಪ್ಪತ್ತರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬೊಕ್ಕಸ ಬಡವಾಗುತ್ತ ಬಂದಿತ್ತು. ಟೈಮ್ಸ್ ಸ್ಕ್ವೇರ್ ಸಂಸಾರವಂದಿಗರು ಸಂಜೆಯ ಹೊತ್ತು ಕಾಲಿಡಲು ಅಂಜುವ ಸ್ಥಳವಾಗಿತ್ತು. ಹೀಗಿರಲಾಗಿ ರಂಗಮಂದಿರಗಳಲ್ಲಿ ಆಸನಗಳು ಬರಿದಾಗಿಯೇ ಉಳಿಯುತ್ತಿದ್ದುದು ಆಶ್ಚರ್ಯವಲ್ಲ. 1973ರ ಜೂನ್ 25ರಂದು ಈ ಸಂಸ್ಥೆ ಡಫ್ಫಿ ಸ್ಕ್ವೇರಿನಲ್ಲಿ ಒಂದು ಟ್ರೈಲರ್ ಗಾಡಿಯನ್ನು ನಿಲ್ಲಿಸಿ, ಕೊಳವೆಗಳ ಹಂದರಕ್ಕೆ ಕ್ಯಾನ್ವಾಸು ಬಿಗಿದು, ಅರ್ಧ ಬೆಲೆಯ ಮಾರಾಟವನ್ನು ಆರಂಭಿಸಿತು. ಅರ್ಧಕ್ಕೆ ಸಿಕ್ಕುವಾಗ ಪೂರ್ಣ ಬೆಲೆ ಕೊಡುವವರಾರು ಎಂಬ ಸಂದೇಹ ಯಾರಿಗಾದರೂ ಬರತಕ್ಕದ್ದೇ. ಅದಕ್ಕೆ ಉತ್ತರ ಈ ಪದ್ಧತಿಯ ಒಳಗೇ ಇತ್ತು: ಟಿಕೆಟ್ಟು ಅಂದಿನದಕ್ಕೆ ಮಾತ್ರ, ತಾನೇ ಬಂದು ಸಾಲಿನಲ್ಲಿ ನಿಲ್ಲಬೇಕು, ಬಯಸಿದ ನಾಟಕ ಸಿಕ್ಕೀತೆಂಬ ಭರವಸೆಯಿಲ್ಲ. ಹಣವುಳ್ಳವನು ಹಣ ಕೊಟ್ಟು ನಿಶ್ಚಯವನ್ನು ಕೊಳ್ಳುತ್ತಾನೆ. ಹಣವಿಲ್ಲದವನು ತನ್ನ ಹೊತ್ತನ್ನೂ ತಾಳ್ಮೆಯನ್ನೂ ಕೊಟ್ಟು ಅದೇ ಸಭೆಯಲ್ಲಿ ಕೂರುತ್ತಾನೆ. ತಾತ್ಕಾಲಿಕವೆಂದು ನಿಂತ ಆ ಗುಡಾರ ಮೂರು ದಶಕಗಳನ್ನು ದಾಟಿತು. ಇಂದಿನ ಗಾಜಿನ ಕಟ್ಟಡ ಬಾಗಿಲು ತೆರೆದುದು 2008ರ ಅಕ್ಟೋಬರಿನಲ್ಲಿ. ಲಂಡನ್ನಿನವರೂ 1980ರಲ್ಲಿ ಲೆಸ್ಟರ್ ಸ್ಕ್ವೇರಿನಲ್ಲಿ ಇಂಥದೇ ಕಟ್ಟೆಯೊಂದನ್ನು ತೆರೆದರು.

ಸಂಜೆಯ ಆಟದ ಮಾರಾಟ ಮಧ್ಯಾಹ್ನ ಮೂರರ ಸುಮಾರಿಗೆ ಆರಂಭವಾಗುವುದಾದರೂ ಸಾಲು ಅದಕ್ಕೆ ಮೊದಲೇ ಬೆಳೆದಿರುತ್ತದೆ. ಮೇಲೆ ಬೆಳಗುವ ಫಲಕದಲ್ಲಿ ನಾಟಕಗಳ ಹೆಸರು, ಹೆಸರಿನ ಎದುರಿಗೆ ನೂರಕ್ಕೆ ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಎಂದು ರಿಯಾಯಿತಿಯ ಅಂಕಿ. ಸಾಲಿನಲ್ಲಿರುವವರ ಕುತ್ತಿಗೆಗಳೆಲ್ಲ ಅತ್ತಲೇ. ಏಕೆಂದರೆ ಆ ಫಲಕ ಸ್ಥಿರವಲ್ಲ. ಒಂದು ಹೆಸರು ಅಳಿಸಿಹೋಗುತ್ತದೆ, ಗಳಿಗೆಯ ಮೇಲೆ ಇನ್ನೊಂದು ಮೂಡುತ್ತದೆ. ಬಂಧುಮಿತ್ರರಿಗೆಂದು ಕಾಯ್ದಿರಿಸಿ ಕೊನೆಗೆ ಬೇಡವಾದ ಒಳ್ಳೆಯ ಆಸನಗಳನ್ನು ರಂಗಮಂದಿರದವರು ತಡವಾಗಿ ಬಿಡುವುದುಂಟಾದ್ದರಿಂದ, ಸಂಜೆ ಆರರ ಮೇಲೆ ಬಂದವನು ಮೂರಕ್ಕೆ ಬಂದವನಿಗಿಂತ ಮುಂದಿನ ಸಾಲಿನಲ್ಲಿ ಕೂರುವುದೂ ಆದೀತು. ಸಾಲಿನ ಉದ್ದಕ್ಕೂ ಸಂಸ್ಥೆಯ ಕಾರ್ಯಕರ್ತರು ಓಡಾಡುತ್ತ, ಯಾವುದನ್ನು ನೋಡಿದ್ದೀರಿ, ಜೊತೆಗೆ ಮಕ್ಕಳಿದ್ದಾರೆಯೇ, ನಗಬೇಕೋ ಅಳಬೇಕೋ ಎಂದು ವಿಚಾರಿಸಿ ಸಲಹೆ ಕೊಡುತ್ತಾರೆ. ಅವರು ಯಾವ ನಾಟಕದ ದಲ್ಲಾಳಿಗಳೂ ಅಲ್ಲವಾದ್ದರಿಂದ ಅವರ ಮಾತನ್ನು ನಂಬಬಹುದು. ಅದೇ ಬೀದಿಯಲ್ಲಿ ಮುದ್ರಿತ ಚೀಟಿ ಹಿಡಿದು ಕೈಯೊಡ್ಡುವ ಇತರರ ಮಾತು ಬೇರೆ. ಕಿಟಕಿಯಲ್ಲಿ ಆಸನವನ್ನು ಆರಿಸುವ ಅವಕಾಶವಿಲ್ಲ. ಆ ಹೊತ್ತಿಗೆ ಇರುವುದರಲ್ಲಿ ಉತ್ತಮವಾದುದನ್ನು ಅವರೇ ಕೊಡುತ್ತಾರೆ.

ಹೊಸ ನಾಟಕಕ್ಕೆ ಈ ಕಿಟಕಿಯ ಅಗತ್ಯ ಹಳೆಯದಕ್ಕಿಂತ ಹೆಚ್ಚು. ಅಲ್ಲಿ ಹೊಸ ಪ್ರಯೋಗ ವಿಧ್ಯುಕ್ತವಾಗಿ ಪ್ರಾರಂಭವಾಗುವುದಕ್ಕೆ ಮುಂಚೆ ಕೆಲವು ವಾರ ಪೂರ್ವಪ್ರದರ್ಶನಗಳು ನಡೆಯುತ್ತವೆ. ಪ್ರೇಕ್ಷಕರು ಎಲ್ಲಿ ಕೆಮ್ಮಿದರು, ಎಲ್ಲಿ ಉಸಿರು ಬಿಗಿಹಿಡಿದರು ಎಂಬುದನ್ನು ನೋಡಿ ದೃಶ್ಯಗಳನ್ನು ಕಡಿಯುವುದು, ಹಾಡುಗಳನ್ನು ಬದಲಾಯಿಸುವುದು ಆ ದಿನಗಳಲ್ಲಿಯೇ. ಸ್ಪೈಡರ್ ಮ್ಯಾನ್ ಕಥೆಯನ್ನು ರಂಗಕ್ಕೆ ತಂದವರು 2010-11ರಲ್ಲಿ 182 ಪೂರ್ವಪ್ರದರ್ಶನಗಳನ್ನು ನಡೆಸಿದ ಮೇಲೆಯೇ ಪ್ರಾರಂಭೋತ್ಸವಕ್ಕೆ ಧೈರ್ಯ ಮಾಡಿದರು. ಮೂಸ್ ಮರ್ಡರ್ಸ್ ಎಂಬ ನಾಟಕ 1983ರ ಫೆಬ್ರವರಿ 22ರಂದು ಪ್ರಾರಂಭವಾಗಿ ಅಂದೇ ಮುಗಿಯಿತು. ಅತ್ತ ದಿ ಫ್ಯಾಂಟಮ್ ಆಫ್ ದಿ ಆಪೆರಾ 1988ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ ಒಂದೇ ಮಂದಿರದಲ್ಲಿ 13,981 ಆಟಗಳನ್ನು ಕಂಡಿತು. ಇಂಥ ಎರಡು ವಿಧಿಗಳ ನಡುವೆ ತೂಗಾಡುವ ಹೊಸ ನಾಟಕದ ಬಗೆಗೆ ವಿಮರ್ಶಕರು ಬರೆಯುವುದು ಬರೆಯಲಿ, ಜನರ ಬಾಯಿಂದ ಬಾಯಿಗೆ ಒಳ್ಳೆಯ ಮಾತು ಹರಡಲು ಕೆಲವು ವಾರಗಳ ಅವಕಾಶ ಬೇಕು. ಆ ಅವಕಾಶವನ್ನು ಈ ಸಾಲಿನ ಜನ ಒದಗಿಸುತ್ತಾರೆ.

ಅತ್ಯಂತ ಜನಪ್ರಿಯವಾದ ನಾಟಕಗಳ ಹೆಸರು ಫಲಕದಲ್ಲಿ ಕಾಣುವುದು ದುರ್ಲಭ. ಅವುಗಳಿಗೆ ಬೇರೆ ಬಾಗಿಲುಗಳುಂಟು. 1996ರಲ್ಲಿ ರೆಂಟ್ ಎಂಬ ಸಂಗೀತನಾಟಕ ಬ್ರಾಡ್‌ವೇಗೆ ಬಂದಾಗ ಮೊದಲ ಎರಡು ಸಾಲುಗಳನ್ನು ಇಪ್ಪತ್ತು ಡಾಲರಿಗೆ ಬಿಟ್ಟರು. ಬಡ ಕಲಾವಿದರ ಕಥೆಯನ್ನು ಬಡ ಕಲಾವಿದರು ನೋಡಲಾಗದೆ ಹೋಗಬಾರದಷ್ಟೆ. ಅದನ್ನು ರಚಿಸಿದ ಜೊನಾಥನ್ ಲಾರ್ಸನ್ ಮಾತ್ರ, ಮೊದಲ ಪೂರ್ವಪ್ರದರ್ಶನದ ಹಿಂದಿನ ರಾತ್ರಿ, ಸಣ್ಣ ವಯಸ್ಸಿನಲ್ಲಿಯೇ ತೀರಿಹೋಗಿದ್ದನು. ಆ ಎರಡು ಸಾಲುಗಳಿಗಾಗಿ ಯುವಜನ ಬೀದಿಯಲ್ಲಿ ರಾತ್ರಿಯೆಲ್ಲ ಮಲಗಿದುದನ್ನು ಅವನು ಕಾಣಲಿಲ್ಲ. ಮುಂದೆ ಅದು ಲಾಟರಿಯಾಯಿತು. 2015ರಲ್ಲಿ ಬಂದ ಹ್ಯಾಮಿಲ್ಟನ್‌ನವರು ಮುಂದಿನ ಸಾಲನ್ನು ಹತ್ತು ಡಾಲರಿಗೆ ಚೀಟಿಯೆತ್ತಿ ಕೊಡುತ್ತ, ಹೆಸರು ಬಾರದವರು ಬರಿಗೈಯಲ್ಲಿ ಹಿಂದಿರುಗಬಾರದೆಂದು ಮಂದಿರದ ಮುಂದೆ ಬೀದಿಯಲ್ಲಿಯೇ ಹಾಡಿ ರಂಜಿಸುತ್ತಿದ್ದರು. ಸೆಂಟ್ರಲ್ ಪಾರ್ಕಿನ ಡೆಲಕೋರ್ಟ್ ಬಯಲುರಂಗದಲ್ಲಂತೂ ಜೋಸೆಫ್ ಪ್ಯಾಪ್ ಎಂಬ ರಂಗಕರ್ಮಿಯ ಹಠದಿಂದಾಗಿ 1962ರಿಂದಲೂ ಬೇಸಗೆಯ ಶೇಕ್ಸ್‌ಪಿಯರ್ ನಾಟಕಗಳು ಉಚಿತ. ಇವುಗಳೊಡನೆ, 2001ರಲ್ಲಿ ದಿ ಪ್ರೊಡ್ಯೂಸರ್ಸ್‌ನ ಉತ್ತಮ ಆಸನಗಳಿಗೆ 480 ಡಾಲರುಗಳನ್ನು ಗೊತ್ತುಮಾಡಿದಂದಿನಿಂದ ಬೆಳೆಯುತ್ತ ಬಂದಿರುವ ದುಬಾರಿ ಬೆಲೆಯ ಚಾಳಿಯನ್ನು ಇಟ್ಟು ನೋಡಿದರೆ, ಶಿಕ್ಷಕನೂ ದಾದಿಯೂ ವಿದ್ಯಾರ್ಥಿಯೂ ಒಳಗೆ ಬರಲಾಗದ ರಂಗಭೂಮಿ ಎಷ್ಟು ದಿನ ಬಾಳೀತೆಂಬ ಆತಂಕ ನನ್ನನ್ನು ಬಿಡುವುದಿಲ್ಲ.

ಕಿಟಕಿಯಲ್ಲಿ ಟಿಕೆಟ್ಟಿನ ಮೇಲೆ ವಿಧಿಸುವ ಸಣ್ಣ ಶುಲ್ಕ ಸಂಸ್ಥೆಯ ಇತರ ಕಾರ್ಯಗಳಿಗೆ ಸಲ್ಲುತ್ತದೆ. ಅವುಗಳಲ್ಲಿ ಒಂದನ್ನು ಹೇಳದೆ ಬಿಡಲಾರೆ. ಆಟಿಸಂ ಉಳ್ಳ ಮಕ್ಕಳು ಹಠಾತ್ತಾದ ಸದ್ದಿಗೆ, ಕಣ್ಣು ಕೋರೈಸುವ ಬೆಳಕಿಗೆ ತತ್ತರಿಸುವರೆಂದು, ಅವರ ತಂದೆತಾಯಿಗಳು ರಂಗಮಂದಿರದ ಕಡೆಗೆ ತಲೆಯಿಡುವುದನ್ನೇ ಬಿಟ್ಟಿದ್ದರು. 2011ರಲ್ಲಿ ದಿ ಲಯನ್ ಕಿಂಗ್ ನಾಟಕದ ಒಂದು ಆಟವನ್ನು, ಸದ್ದನ್ನೂ ಬೆಳಕನ್ನೂ ಮೃದುಗೊಳಿಸಿ, ಬೇಕೆಂದಾಗ ಎದ್ದು ಓಡಾಡಲು ಎಡೆಮಾಡಿ, ಆ ಕುಟುಂಬಗಳಿಗಾಗಿಯೇ ಈ ಸಂಸ್ಥೆ ಏರ್ಪಡಿಸಿತು. ಇತರ ನಾಟಕಗಳಿಗೂ ಆ ಪದ್ಧತಿ ಹಬ್ಬಿತು.

ನಮ್ಮವರು ಅಲ್ಲಿಗೆ ಹೋದರೆ ಒಂದು ವಿಷಯವನ್ನು ನೆನಪಿಡಬೇಕು. ಹಾಡುಕುಣಿತವಿಲ್ಲದ ಮಾತಿನ ನಾಟಕಗಳಿಗೆಂದೇ ಅಲ್ಲಿ ಪ್ರತ್ಯೇಕ ಕಿಟಕಿಯೊಂದುಂಟು. ಅದರ ಮುಂದಿನ ಸಾಲು ಬಹುಮಟ್ಟಿಗೆ ಚಿಕ್ಕದು. ಸಂಗೀತನಾಟಕಗಳ ವೈಭವಕ್ಕೆ ಮಾರುಹೋಗಿ ಅದನ್ನು ದಾಟಿಹೋಗುವವರು ಅಮೆರಿಕದ ರಂಗಭೂಮಿಯ ಅರ್ಧವನ್ನೇ ದಾಟಿಹೋದಂತೆ. ಪ್ರವಾಸಿಗಳ ಸಂದಣಿ ಇಳಿಯುವ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಆಸನಗಳು ಧಾರಾಳ. ಬುಧವಾರ ಮಧ್ಯಾಹ್ನದ ಆಟವನ್ನು ಆರಿಸಿಕೊಂಡರೆ, ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಿಂದ ನಡೆದೇ ಹೋಗಿ ನಾಟಕ ನೋಡಿ, ರಾತ್ರಿಯ ಊಟದ ಹೊತ್ತಿಗೆ ಜೆರ್ಸಿಯ ಮನೆ ಸೇರಬಹುದು.