ಏಕತಾರಿಯ ಸೀಮೆಗೆ ಐರ್ಲೆಂಡಿನ ಹಾಡು

ಅಮಾವಾಸ್ಯೆ ರಾತ್ರಿ ಜೇವರ್ಗಿ ಸೀಮೆಯ ಊರುಗಳಲ್ಲಿ ಭಜನೆಗೆ ಕೂತವರನ್ನು ನೋಡಬೇಕು. ಏಕತಾರಿಯ ಬುರುಡೆಯನ್ನು ಎದೆಗಾನಿಸಿಕೊಂಡವನು ತೋರುಬೆರಳಿನಿಂದ ಒಂದೇ ತಂತಿ ಮೀಟುತ್ತಾನೆ. ಪಕ್ಕದವರ ಕೈಯಲ್ಲಿ ದಮ್ಮಡಿ, ತಾಳ. ಒಬ್ಬ ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿದು ತಿರುಗಿ ಹಾಡುತ್ತಾರೆ. ಈ ತತ್ವಪದಗಳಲ್ಲಿ ಛೀಮಾರಿ ಹಾಕಿಸಿಕೊಳ್ಳುವವರು ಮಡಿ-ಮೈಲಿಗೆ ಎಣಿಸುವವರು, ವೇಷ ಹಾಕಿದ ಗುರುಗಳು. ಎಷ್ಟೋ ಸಲ ಅದೂ ಮಠದ ಕಟ್ಟೆಯ ಮೇಲೇ!

ಈ ಪದಗಳ ದೊಡ್ಡ ಹೆಸರು ಕಡಕೋಳ ಮಡಿವಾಳಪ್ಪ. 18ನೇ ಶತಮಾನದ ಉತ್ತರಾರ್ಧದಲ್ಲಿ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ವಿಧವೆಯ ಮಗನಾಗಿ ಹುಟ್ಟಿದವರು. ಆ ಹುಟ್ಟನ್ನೇ ಮುಂದೆ ಮಾಡಿ ಧರ್ಮದ ಯಜಮಾನರು ಅವರನ್ನು ದೂರವಿಟ್ಟರು. ಮಡಿವಾಳಪ್ಪ ‘ಮಹಾಂತ’ ಎಂಬ ಅಂಕಿತದಲ್ಲಿ ಪದ ಕಟ್ಟಿದರು. ಜೇವರ್ಗಿ ತಾಲ್ಲೂಕಿನ ಚೆನ್ನೂರ ಜಲಾಲಸಾಹೇಬರು ಅವರ ಶಿಷ್ಯರಾದರು.

ತನ್ನ ಕೈಯಲ್ಲಿಲ್ಲದ ಹುಟ್ಟಿಗೆ ಮನುಷ್ಯನೊಬ್ಬ ಪಾಪಿ ಅನ್ನಿಸಿಕೊಳ್ಳಬೇಕೆ? 2013ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಹೋಜಿಯರ್ ಎಂಬ ಯುವ ಗಾಯಕ ಇದೇ ಪ್ರಶ್ನೆಯನ್ನು ಲೋಕಕ್ಕೆ ಹಾಕಿದ. ‘ಟೇಕ್ ಮಿ ಟು ಚರ್ಚ್’ ಎಂಬ ಆ ಹಾಡನ್ನು ಅವನು ಮೊದಲು ಧ್ವನಿಮುದ್ರಿಸಿಕೊಂಡದ್ದು ತಂದೆ-ತಾಯಿಯ ಮನೆಯ ಅಟ್ಟದಲ್ಲಿ. ಚರ್ಚು ಬಳಸುವ ಮಾತುಗಳನ್ನೇ ಎತ್ತಿಕೊಂಡು ಅವನು ಪ್ರೀತಿಯ ಹಾಡು ಕಟ್ಟಿದ್ದಾನೆ. ಕಪ್ಪು-ಬಿಳುಪಿನ ಅದರ ವಿಡಿಯೊದಲ್ಲಿ ಇಬ್ಬರು ಗಂಡಸರು ಪ್ರೀತಿಸುತ್ತಾರೆ. ಮುಖ ಮುಚ್ಚಿಕೊಂಡ ಗುಂಪೊಂದು ಮನೆಗೆ ನುಗ್ಗುತ್ತದೆ, ಸರಪಳಿ ಬಿಗಿದ ಪೆಟ್ಟಿಗೆಯೊಂದು ಬೆಂಕಿಗೆ ಬೀಳುತ್ತದೆ. ಅದೇ ವರ್ಷ ರಷ್ಯಾ ಸಲಿಂಗಿಗಳ ಬಾಯಿ ಕಟ್ಟುವ ಕಾನೂನು ತಂದಿತ್ತು. ಹೋಜಿಯರನ ನಾಡಿನಲ್ಲೂ 1993ರವರೆಗೆ ಗಂಡಸರ ನಡುವಿನ ಸಲಿಂಗ ಸಂಬಂಧ ಅಪರಾಧವೇ ಆಗಿತ್ತು.

ನಮ್ಮಲ್ಲಿ? 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿಯಿತು. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲವೆಂದು ಅದೇ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ 6 ಬರಬೇಕಾಯಿತು.

ತತ್ವಪದಗಳನ್ನು ಸಲಿಂಗಿಗಳ ಪರವಾದ ಹಾಡುಗಳೆಂದು ಕರೆದರೆ ಅದು ಎಳೆದು ತಂದ ಅರ್ಥವಾದೀತು. ಆದರೆ ಈ ಸೀಮೆಯ ಭಕ್ತಿಗೆ ‘ಶರಣಸತಿ, ಲಿಂಗಪತಿ’ ಎಂಬ ಭಾವ ಹೊಸದಲ್ಲ. ಮೀಸೆ ಹೊತ್ತ ಗಂಡಸು ದೇವರ ಹೆಂಡತಿಯಾಗಿ ಹಾಡಿದರೆ ಯಾರೂ ನಗುವುದಿಲ್ಲ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಬೆಳಗಾದ ಮೇಲೆ ಅದೇ ಓಣಿಯಲ್ಲಿ ನಡಿಗೆ ತುಸು ಬಳುಕುವ ಹುಡುಗನಿಗೆ ‘ಹೆಣ್ಣಿಗ’ ಎಂಬ ಬೈಗುಳ, ಮನೆಯಲ್ಲಿ ಮದುವೆಯ ಒತ್ತಾಯ. ಮಡಿವಾಳಪ್ಪ ಕೆಣಕಿದ ಸೋಗು ಇಲ್ಲಿಯೂ ಇದೆ.

ಹಾಡೇ ಆಸರೆಯಾದದ್ದಕ್ಕೆ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕಣ್ಣೆದುರಿಗಿದ್ದಾರೆ. ಅವರದು ಸಲಿಂಗ ಪ್ರೇಮದ ಕಥೆಯಲ್ಲ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರ ಕಥೆ. ತಿಂದ ನೋವು ಮಾತ್ರ ಒಂದೇ ಜಾತಿಯದು. ಮನೆಯಿಂದ ಹೊರಬಿದ್ದು, ವಿಷ ಕುಡಿದು ಬದುಕುಳಿದು, ಎಲ್ಲಮ್ಮನ ಹಾಡು-ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಸೀರೆಯ ಸೆರಗು ಹಿಡಿದು ಮೊದಲು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಪ್ರಶಸ್ತಿಗೆ ಕೈಯೊಡ್ಡಿದ್ದು ಆಮೇಲೆ.